ಬೇನೆ ಬಂದಾಗ ಊರಿನ ಗಲ್ಲಾ: ಪ್ಲೇಗಿನಿಂದ ಕೊರೋನಾದವರೆಗೆ ಒಂದು ಹಿನ್ನೋಟ



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಅಧ್ಯಕ್ಷರು ಹೇಳಿದರು. ನಾವು ಓದಿದ್ದು ಎಸ್ಸೆಸ್ಸೆಲ್ಸಿ. ಬೆಳಗಾದರೆ ಹೊಲ, ಸಂಜೆಯಾದರೆ ಸಂಘದ ಕಚೇರಿ, ಇಷ್ಟೇ ನಮ್ಮ ಲೋಕ. ಸಂಘ ಬೆಳೆದು ಬಂದ ದಾರಿಯನ್ನು ಹಿರಿಯ ಸಂಚಾಲಕರು ಈ ಸಂಚಿಕೆಯಲ್ಲೇ ಬರೆದಿದ್ದಾರೆ. ಆದ್ದರಿಂದ ನಾವು ಬೇರೆ ಒಂದು ವಿಷಯ ಆರಿಸಿಕೊಂಡೆವು. ಊರಿಗೆ ದೊಡ್ಡ ಬೇನೆ ಬಂದಾಗ ಊರಿನ ಆಡಳಿತದ ಗಲ್ಲಾ ಏನಾಗುತ್ತದೆ? ಖರ್ಚು ಯಾರು ಮಾಡುತ್ತಾರೆ, ಕೊನೆಗೆ ಆ ಭಾರ ಯಾರ ತಲೆ ಮೇಲೆ ಬೀಳುತ್ತದೆ?

ಈ ಪ್ರಶ್ನೆ ನಮ್ಮ ತಲೆಯಲ್ಲಿ ಹೊಕ್ಕಿದ್ದು 2020ರಲ್ಲಿ. ಆಗ ನಮ್ಮ ಓಣಿಯ ಹಿರಿಯರೊಬ್ಬರು ಕಟ್ಟೆಯ ಮೇಲೆ ಕೂತು, "ಇದೇನ ಹೊಸಾದಲ್ಲೋ ತಮ್ಮಾ, ನಮ್ಮ ಮುತ್ಯಾನ ಕಾಲದಾಗ ಊರಿಗೆ ಊರ ಹೊಲದಾಗ ಹೋಗಿ ಕುಂತಿತ್ತು" ಎಂದರು. ಆ ಮಾತಿನ ಎಳೆ ಹಿಡಿದು ಹಿಂದಕ್ಕೆ ಹೋದಾಗ ನಾವು ತಿಳಿದುಕೊಂಡದ್ದನ್ನು ಇಲ್ಲಿ ಒಪ್ಪಿಸುತ್ತೇವೆ.

ಗಂಟುಬ್ಯಾನಿ ಬಂತು

1896ರ ಸಪ್ಟೆಂಬರದಲ್ಲಿ ಮುಂಬಯಿ ಬಂದರದಲ್ಲಿ ಪ್ಲೇಗು ಕಾಣಿಸಿತು. ತೊಡೆಸಂದಿನಲ್ಲಿ, ಕಂಕುಳಲ್ಲಿ ಗಂಟು ಬಂದು ಜ್ವರದಿಂದ ಮನುಷ್ಯ ನಾಲ್ಕಾರು ದಿನದಲ್ಲಿ ಸಾಯುತ್ತಿದ್ದುದರಿಂದ ಜನ ಅದಕ್ಕೆ ಗಂಟುಬ್ಯಾನಿ ಎಂದರು. ಆಗ ನಮ್ಮ ಬೆಳಗಾವಿ ಜಿಲ್ಲೆ ಮುಂಬಯಿ ಇಲಾಖೆಗೆ ಸೇರಿತ್ತು. ಹತ್ತು ವರ್ಷ ಮುಂಚೆಯಷ್ಟೇ ಸದರ್ನ್ ಮರಾಠಾ ರೈಲು ಈ ಕಡೆ ಬಂದಿತ್ತು. ಕಾಳಿನ ಚೀಲ, ಅದರೊಳಗಿನ ಇಲಿ, ಇಲಿಯ ಮೈಮೇಲಿನ ಚಿಗಟ, ಎಲ್ಲ ಒಂದೇ ಡಬ್ಬಿಯಲ್ಲಿ ಪ್ರಯಾಣ ಮಾಡಿದವು. 1897ರಲ್ಲಿ ಬೇನೆ ಬೆಳಗಾವಿ ಜಿಲ್ಲೆ ಮುಟ್ಟಿತು. 1898ರಲ್ಲಿ ಹುಬ್ಬಳ್ಳಿ ಧಾರವಾಡಗಳಲ್ಲಿ ಹಾಹಾಕಾರವಾಯಿತು. ಅದೇ ವರ್ಷ ಆಗಸ್ಟದಲ್ಲಿ ರೈಲಿನ ಹಾದಿಯಿಂದಲೇ ಬೆಂಗಳೂರಿಗೂ ಹೋಯಿತು.

ಜನಗಣತಿಯ ಅಂಕಿ ನೋಡಿದರೆ ಎದೆ ಝಲ್ಲೆನ್ನುತ್ತದೆ. 1901ರಲ್ಲಿ ಬೆಳಗಾವಿ ಜಿಲ್ಲೆಯ ಜನಸಂಖ್ಯೆ 9,93,976. ಹತ್ತು ವರ್ಷದ ಹಿಂದಿನದಕ್ಕಿಂತ ಸುಮಾರು ನೂರಕ್ಕೆ ಎರಡರಷ್ಟು ಕಡಿಮೆ. ಅದರ ಹಿಂದಿನ ಹತ್ತು ವರ್ಷದಲ್ಲಿ ಇದೇ ಜಿಲ್ಲೆ ನೂರಕ್ಕೆ ಹದಿನೇಳರಷ್ಟು ಬೆಳೆದಿತ್ತು. ದಂಡು ಪ್ರದೇಶವೂ ಸೇರಿ ಬೆಳಗಾವಿ ಪಟ್ಟಣದಲ್ಲಿ 1901ರಲ್ಲಿ ಉಳಿದವರು 36,878 ಜನ. ಪ್ಲೇಗಿನ ಜೊತೆಗೆ 1899-1900ರ ಬರಗಾಲವೂ ಕೈಜೋಡಿಸಿತ್ತು ಎಂಬುದನ್ನು ಮರೆಯಬಾರದು.

1897ರ ಫೆಬ್ರುವರಿಯಲ್ಲಿ ಸರಕಾರ ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದಿತು. ನಾಲ್ಕೇ ಕಲಮಿನ ಸಣ್ಣ ಕಾಯ್ದೆ. ಮನೆ ಹೊಕ್ಕು ನೋಡುವುದು, ರೋಗಿಯನ್ನು ಎತ್ತಿಕೊಂಡು ಹೋಗುವುದು, ರೈಲಿನಲ್ಲಿ ತಪಾಸಣೆ, ಎಲ್ಲಕ್ಕೂ ಅಧಿಕಾರ ಕೊಟ್ಟಿತು. ಪುಣೆಯಲ್ಲಿ ಇದನ್ನು ಸೋಲ್ಜರರ ಕೈಯಲ್ಲಿ ಮಾಡಿಸಿದ್ದರಿಂದ ಜನ ರೊಚ್ಚಿಗೆದ್ದರು. 1897ರ ಜೂನ್ 22ರಂದು ಪ್ಲೇಗ್ ಅಧಿಕಾರಿ ರ್‍ಯಾಂಡ್ ಸಾಹೇಬನ ಮೇಲೆ ಚಾಪೇಕರ ಸಹೋದರರು ಗುಂಡು ಹಾರಿಸಿದ ಕಥೆ ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಆದರೆ ಅದೇ ಕಾಯ್ದೆಯ ಎರಡನೆಯ ಕಲಮಿನಲ್ಲಿ ಇನ್ನೊಂದು ಮಾತಿದೆ. ಅದನ್ನು ಯಾರೂ ಶಾಲೆಯಲ್ಲಿ ಹೇಳಲಿಲ್ಲ. ಈ ಕೆಲಸಕ್ಕೆ ತಗಲುವ ಖರ್ಚನ್ನು, ಪರಿಹಾರದ ಹಣವನ್ನೂ ಸೇರಿಸಿ, ಯಾರು ಕೊಡಬೇಕು, ಹೇಗೆ ಕೊಡಬೇಕು ಎಂಬುದನ್ನು ಸರಕಾರವೇ ನಿರ್ಧರಿಸಬಹುದು ಎಂಬ ಮಾತು. ನಮ್ಮ ವಿಷಯ ಇರುವುದು ಅಲ್ಲೇ.

ಜಕಾತಿ ನಾಕಾ ಬರಿದಾಯಿತು

ಬೆಳಗಾವಿ ಮುನಸಿಪಾಲಿಟಿ ಹಳೆಯದು, 1851ರಲ್ಲಿ ಆದದ್ದು. ಆ ಕಾಲದ ಮುಂಬಯಿ ಇಲಾಖೆಯ ಮುನಸಿಪಾಲಿಟಿಗಳಿಗೆ ಮುಖ್ಯ ಆದಾಯ ಜಕಾತಿ. ಊರೊಳಗೆ ಬರುವ ಬೆಲ್ಲ, ಕಾಳು, ಎಣ್ಣೆ, ತುಪ್ಪ, ಬಟ್ಟೆ, ಕಟ್ಟಿಗೆಯ ಮೇಲೆ ನಾಕಾದಲ್ಲಿ ವಸೂಲಿ ಮಾಡುತ್ತಿದ್ದರು. ಅದರ ಹಿಂದೆ ಮನೆಪಟ್ಟಿ, ಭಂಗಿಪಟ್ಟಿ, ಸಂತೆಯ ಜಾಗದ ಬಾಡಿಗೆ. ಈ ಆದಾಯದಲ್ಲೇ ರಸ್ತೆ, ದೀಪ, ಗಟಾರ, ಶಾಲೆ, ದವಾಖಾನೆ ನಡೆಯಬೇಕು.

ಬೇನೆ ಬಂದ ಕೂಡಲೇ ಏನಾಗುತ್ತದೆ ಎಂದು ರೈತರಾದ ನಮಗೆ ಲೆಕ್ಕ ಹಾಕಲು ಕಷ್ಟವಿಲ್ಲ. ಸಂತೆ ನಿಲ್ಲುತ್ತದೆ. ಚಕ್ಕಡಿಗಳು ಊರಿಗೆ ಬರುವುದಿಲ್ಲ. ಚಕ್ಕಡಿ ಬರದಿದ್ದರೆ ನಾಕಾದ ಕಾರಕೂನನ ಮುಂದೆ ಪಾವತಿ ಪುಸ್ತಕ ಹಾಗೇ ಇರುತ್ತದೆ. ಜನ ಮನೆ ಬಿಟ್ಟು ಹೋಗಿರುತ್ತಾರೆ, ಕೀಲಿ ಹಾಕಿದ ಮನೆಗೆ ಪಟ್ಟಿ ಕೇಳುವುದು ಯಾರನ್ನು? ಹೀಗೆ ಆದಾಯದ ಎರಡೂ ಬಾಗಿಲು ಒಮ್ಮೆಲೇ ಮುಚ್ಚುತ್ತವೆ. ಖರ್ಚಿನ ಬಾಗಿಲು ಮಾತ್ರ ಅದೇ ಹೊತ್ತಿಗೆ ಅಗಲವಾಗಿ ತೆರೆಯುತ್ತದೆ. ರೋಗಿಗಳಿಗೆ ಊರ ಹೊರಗೆ ಪ್ಲೇಗು ದವಾಖಾನೆ, ಅವರ ಮನೆಯವರಿಗೆ ಪ್ರತ್ಯೇಕ ಛಾವಣಿ, ತಟ್ಟಿ, ಬಿದಿರು, ತಗಡು, ಕಾವಲಿನವರ ಪಗಾರ, ಗೋಡೆಗೆ ಸುಣ್ಣ, ಕಾರ್ಬೋಲಿಕ್ ಆಸಿಡ್ಡಿನ ಡಬ್ಬಿಗಳು, ಹೆಣ ಸಾಗಿಸುವವರ ಕೂಲಿ, ಸುಟ್ಟ ಹಾಸಿಗೆ ಬಟ್ಟೆಗಳಿಗೆ ಪರಿಹಾರ. ಸೂರ್ಯನ ಬೆಳಕು ಬೀಳಲಿ ಎಂದು ಮನೆಯ ಹಂಚು ತೆಗೆಸುತ್ತಿದ್ದರು. ತೆಗೆದ ಹಂಚನ್ನು ಮತ್ತೆ ಹೊದಿಸುವುದಕ್ಕೂ ಹಣ ಬೇಕು.

ಈ ಖರ್ಚು ಮೊದಲು ಮುನಸಿಪಾಲಿಟಿಯ ಮೇಲೆಯೇ ಬೀಳುತ್ತಿತ್ತು. ಅದರ ಕೈಯಲ್ಲಿ ಆಗದಾಗ ಸರಕಾರ ಸಾಲ ಕೊಡುತ್ತಿತ್ತು, ಕೆಲವು ಕಡೆ ಅನುದಾನ. ಸಾಲ ಅಂದಮೇಲೆ ಬಡ್ಡಿ, ಕಂತು ತಪ್ಪದು. ಬೇನೆ ಹೋದ ಮೇಲೂ ವರ್ಷಗಟ್ಟಲೆ ಆ ಕಂತು ತುಂಬುವಾಗ ರಸ್ತೆಗೆ ಖಡಿ ಬೀಳಲಿಲ್ಲ, ಶಾಲೆಗೆ ಮಾಸ್ತರು ಬರಲಿಲ್ಲ ಎಂಬ ಸ್ಥಿತಿ ಇಲಾಖೆಯ ಅನೇಕ ಊರುಗಳದಾಗಿತ್ತು. ಅದೂ ಬೇನೆ ಒಂದೇ ಸಲ ಬಂದು ಹೋದದ್ದಲ್ಲ. ಪ್ರತಿ ವರ್ಷ ಮಳೆ ಮುಗಿಯುತ್ತಲೂ ತಿರುಗಿ ಬರುತ್ತಿತ್ತು. ದೇಶದಲ್ಲಿ ಇಪ್ಪತ್ತೈದು ಮೂವತ್ತು ವರ್ಷಗಳಲ್ಲಿ ಒಂದು ಕೋಟಿಗೂ ಮಿಕ್ಕಿ ಜನ ಪ್ಲೇಗಿಗೆ ಬಲಿಯಾದರು.

ನಮ್ಮ ಬೆಳಗಾವಿಗೆ ಇನ್ನೊಂದು ತೊಡಕಿತ್ತು. ಒಂದೇ ಊರಿನಂತೆ ಕಾಣುವ ಜಾಗದಲ್ಲಿ ಮೂರು ಆಡಳಿತ. ಪೇಟೆ ಮುನಸಿಪಾಲಿಟಿಗೆ, ದಂಡು ಮಿಲಿಟರಿ ಕ್ಯಾಂಟೋನ್ಮೆಂಟಿಗೆ, ಶಹಾಪುರ ಸಾಂಗಲಿ ಸಂಸ್ಥಾನಕ್ಕೆ. ಇಲಿಗೆ ಸಂಸ್ಥಾನದ ಗಡಿ ಗೊತ್ತಿರಲಿಲ್ಲ, ಆದರೆ ರೊಕ್ಕಕ್ಕೆ ಗೊತ್ತಿತ್ತು. ಮುನಸಿಪಾಲಿಟಿಯ ಸುಣ್ಣ ಗಡಿಯ ತನಕ, ಅದರಾಚೆ ಸಂಸ್ಥಾನದ ಹೊಣೆ. ಶಹಾಪುರ ನಮ್ಮ ಕಡೆ ಸೇರಿದ್ದು ಸ್ವಾತಂತ್ರ್ಯ ಬಂದ ಮೇಲೆ, 1948ರಲ್ಲಿ.

ಹಾಕಿದ ರೊಕ್ಕ ಎಲ್ಲಿ ಹೋಯಿತು

ಆ ಕಾಲದ ಖರ್ಚಿನಲ್ಲಿ ದೊಡ್ಡ ಪಾಲು ಗೋಡೆ ತೊಳೆಯಲಿಕ್ಕೆ, ನೆಲಕ್ಕೆ ಔಷಧ ಹೊಡೆಯಲಿಕ್ಕೆ ಹೋಯಿತು. ರೋಗ ಗಾಳಿಯಲ್ಲಿದೆ, ನೆಲದಲ್ಲಿದೆ, ಹೊಲಸಿನಲ್ಲಿದೆ ಎಂದು ನಂಬಿದ್ದರು. ಇಲಿಯ ಚಿಗಟದಿಂದ ಮನುಷ್ಯನಿಗೆ ಬರುತ್ತದೆ ಎಂದು ಸಿಮಾಂಡ್ ಎಂಬ ಫ್ರೆಂಚ್ ಡಾಕ್ಟರು 1898ರಲ್ಲೇ ಹೇಳಿದರೂ ಅದನ್ನು ಪೂರ್ತಿ ಒಪ್ಪಲು 1905ರ ನಂತರದ ಸಂಶೋಧನೆ ಬೇಕಾಯಿತು. ಅಲ್ಲಿಯ ತನಕ ಇಲಿ ಒಂದು ಬಿಲದಿಂದ ಇನ್ನೊಂದು ಬಿಲಕ್ಕೆ ಹೋಗುತ್ತಿತ್ತು, ಗೋಡೆಗೆ ಮಾತ್ರ ಸುಣ್ಣ ಬೀಳುತ್ತಿತ್ತು.

ಫಲ ಕೊಟ್ಟ ಖರ್ಚು ಎಂದರೆ ಎರಡು. ಒಂದು ಲಸಿಕೆ. ಹಾಫ್‌ಕಿನ್ ಎಂಬ ವಿಜ್ಞಾನಿ ಮುಂಬಯಿಯಲ್ಲಿ ಪ್ಲೇಗಿನ ಲಸಿಕೆ ತಯಾರಿಸಿ 1897ರ ಜನವರಿಯಲ್ಲಿ ಮೊದಲು ತಮಗೇ ಚುಚ್ಚಿಕೊಂಡರು. 1898ರಲ್ಲಿ ಹುಬ್ಬಳ್ಳಿಯಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಈ ಲಸಿಕೆ ಹಾಕಿಸಿಕೊಂಡರು. ಹಾಕಿಸಿಕೊಂಡವರಲ್ಲಿ ಸಾವು ಬಹಳ ಕಡಿಮೆಯಾಯಿತು. ನಮ್ಮ ಸೀಮೆಯ ಊರೊಂದು ಜಗತ್ತಿಗೆ ಪಾಠ ಕಲಿಸಿದ್ದು ಹೆಮ್ಮೆಯ ಸಂಗತಿ.

ಇನ್ನೊಂದು ಊರು ಬಿಡುವುದು. ಇದಕ್ಕೆ ಸರಕಾರದ ರೊಕ್ಕ ಹೆಚ್ಚು ಬೇಕಿರಲಿಲ್ಲ. ನಮ್ಮ ಅಜ್ಜ ತಮ್ಮ ಅಪ್ಪನಿಂದ ಕೇಳಿದ್ದನ್ನು ಹೇಳುತ್ತಿದ್ದರು: "ಮನ್ಯಾಗ ಇಲಿ ಬಿದ್ದು ಸಾಯಾಕ ಹತ್ತಿದ್ವು ಅಂದ್ರ ಮನಿ ಆಸೆ ಮಾಡಬಾರದು. ದನಾ ಕರಾ ಹೊಡಕೊಂಡು, ಜ್ವಾಳದ ಚೀಲ ಬಿಸಲಿಗೆ ಹರವಿ ಝಾಡಿಸಿ, ಹೊಲದಾಗ ಗುಡಸಲಾ ಹಾಕಬೇಕು." ಹಳ್ಳಿಯವರಿಗೆ ಚಿಗಟದ ಶಾಸ್ತ್ರ ಗೊತ್ತಿರಲಿಲ್ಲ. ಆದರೆ ಇಲಿ ಸತ್ತ ಮನೆ ಬಿಟ್ಟವನು ಬದುಕುತ್ತಾನೆ ಎಂಬುದು ಕಣ್ಣಿಗೆ ಕಂಡಿತ್ತು. ಸುಗ್ಗಿ ಮುಗಿಯುವ ತನಕ ಗುಡಿಸಲಲ್ಲಿದ್ದು ಮನೆಗೆ ಬರುತ್ತಿದ್ದರು.

ಬ್ರಿಟಿಷ್ ಆಡಳಿತದ ಹಳ್ಳಿಗಳಿಗೆ ಮುನಸಿಪಾಲಿಟಿ ಇರಲಿಲ್ಲ, ತಾಲೂಕು ಲೋಕಲ್ ಬೋರ್ಡ್ ಇತ್ತು. ಅದರ ಆದಾಯ ಮುಖ್ಯವಾಗಿ ರೈತನಿಂದಲೇ. ಭೂಕಂದಾಯದ ಒಂದು ರೂಪಾಯಿಗೆ ಒಂದು ಆಣೆ ಲೋಕಲ್ ಫಂಡ್. ಅದರಲ್ಲಿ ಮೂರನೇ ಎರಡು ಪಾಲು ರಸ್ತೆ ಮೊದಲಾದ ಕೆಲಸಕ್ಕೆ, ಒಂದು ಪಾಲು ಶಾಲೆಗೆ. ಬೇನೆಗೆ ಎಂದು ಬೇರೆ ಇಟ್ಟದ್ದು ಏನೂ ಇಲ್ಲ. ಹೀಗಾಗಿ ಹಳ್ಳಿಯಲ್ಲಿ ಬೇನೆಯ ಖರ್ಚು ಹೊತ್ತವನು ಮನೆಯ ಯಜಮಾನ. ಅವನು ಹೊತ್ತದ್ದು ಸಾವಕಾರನ ಸಾಲದಿಂದ. ಗುಡಿಸಲಿಗೆ ಸಾಲ, ಹೆಣಕ್ಕೆ ಸಾಲ, ಮುಂದಿನ ವರ್ಷದ ಬೀಜಕ್ಕೆ ಸಾಲ.

ಇದರ ನಡುವೆಯೇ 1904ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾಯ್ದೆ ಬಂತು. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶಕ್ಕೇ ಮೊದಲಿನ ಸಂಘ ಕಟ್ಟಿದರು. ಕಾಯ್ದೆ ಬಂದದ್ದು ಸಾವಕಾರನ ಸಾಲದಿಂದ ರೈತನನ್ನು ಬಿಡಿಸಲಿಕ್ಕೆ. ಆದರೆ ಬರ ಮತ್ತು ಪ್ಲೇಗು ಆ ಸಾಲವನ್ನು ಎಷ್ಟು ಏರಿಸಿದ್ದವು ಎಂಬುದನ್ನು ನೆನೆದರೆ, ಸಹಕಾರ ಸಂಘ ಎಂಬ ಗಿಡ ಹುಟ್ಟಿದ್ದು ಎಂಥ ನೆಲದಲ್ಲಿ ಎಂದು ತಿಳಿಯುತ್ತದೆ.

ಮಾನಮೋಡಿ

1918ರ ಜೂನದಲ್ಲಿ ಮತ್ತೆ ಮುಂಬಯಿಯಿಂದಲೇ ಇನ್‌ಫ್ಲುಯೆಂಜಾ ಬಂತು. ಮರಾಠಿ ಮಾತಾಡುವ ನಮ್ಮ ನೆರೆಯವರು ಅದಕ್ಕೆ ಮಾನಮೋಡಿ ಎನ್ನುತ್ತಾರೆ. ಸಪ್ಟೆಂಬರ, ಅಕ್ಟೋಬರದಲ್ಲಿ ಎರಡನೇ ಸಲ ಏರಿದಾಗ ವಯಸ್ಸಿಗೆ ಬಂದ ಗಟ್ಟಿ ಆಳುಗಳೇ ಹೆಚ್ಚು ಸತ್ತರು. ದೇಶದಲ್ಲಿ ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಮೇಲೆ ಜನ ಹೋದರು. 1911ರಿಂದ 1921ರ ಹತ್ತು ವರ್ಷದಲ್ಲಿ ಈಗಿನ ಭಾರತದ ಭೂಭಾಗದ ಜನಸಂಖ್ಯೆ ಬೆಳೆಯುವ ಬದಲು ಸ್ವಲ್ಪ ಇಳಿಯಿತು. 1901ರ ನಂತರದ ಜನಗಣತಿಗಳಲ್ಲಿ ಹಾಗೆ ಆದದ್ದು ಅದೊಂದೇ ಸಲ.

ಪ್ಲೇಗಿನಲ್ಲಿ ಸರಕಾರ ಅತಿ ಮಾಡಿತು ಎನ್ನುವುದಾದರೆ 1918ರಲ್ಲಿ ಅದು ಕೈಚೆಲ್ಲಿತು ಎನ್ನಬೇಕು. ಡಾಕ್ಟರರು ಬಹಳಷ್ಟು ಜನ ಮಹಾಯುದ್ಧಕ್ಕೆ ಹೋಗಿದ್ದರು. ಆ ವರ್ಷ ಮಳೆಯೂ ಕೈಕೊಟ್ಟು ಕಾಳಿನ ಬೆಲೆ ಏರಿತ್ತು. ಊರೂರಿನ ಮುನಸಿಪಾಲಿಟಿಗಳ ಗಲ್ಲಾ ಯುದ್ಧದ ತುಟ್ಟಿಯಿಂದ ಮೊದಲೇ ಬಳಲಿತ್ತು. ಮುಂಬಯಿ ಇಲಾಖೆಯ ಊರುಗಳಲ್ಲಿ ಆಗ ಔಷಧ, ಹಾಲು, ಗಂಜಿ ಮನೆಮನೆಗೆ ಮುಟ್ಟಿಸಿದವರು ಬಹುಮಟ್ಟಿಗೆ ಸ್ವಯಂಸೇವಕರು, ಜಾತಿ ಸಮಾಜಗಳು, ಮಠಮಾನ್ಯಗಳು. ಸರಕಾರದ ರೊಕ್ಕ ನಿಂತಲ್ಲಿ ಜನರ ವರ್ಗಣಿ ನಡೆಯಿತು.

ನಡುವೆ ಬದಲಾದದ್ದು

ಅನಂತರದ ನೂರು ವರ್ಷದಲ್ಲಿ ಊರಿನ ಆದಾಯದ ಸ್ವರೂಪವೇ ಬದಲಾಯಿತು. ಕರ್ನಾಟಕದಲ್ಲಿ 1979ರಲ್ಲಿ ಜಕಾತಿ ರದ್ದಾಯಿತು. ವ್ಯಾಪಾರಸ್ಥರಿಗೆ, ಲಾರಿಯವರಿಗೆ ಅದು ಒಳ್ಳೆಯದೇ ಆಯಿತು. ಆದರೆ ಅಂದಿನಿಂದ ನಗರಸಭೆಗಳು ದಿನದಿನದ ಸ್ವಂತ ಆದಾಯ ಬಿಟ್ಟು, ರಾಜ್ಯ ಸರಕಾರ ಕೊಡುವ ಅನುದಾನಕ್ಕೆ ಕೈ ಚಾಚುವಂತಾಯಿತು. ಉಳಿದ ಸ್ವಂತ ಆದಾಯ ಎಂದರೆ ಮನೆಪಟ್ಟಿ, ನೀರಪಟ್ಟಿ, ಅಂಗಡಿ ಬಾಡಿಗೆ, ವ್ಯಾಪಾರದ ಲೈಸೆನ್ಸ್, ಕಟ್ಟಡ ಪರವಾನಿಗೆಯ ಫೀ. ಅತ್ತ ಬೆಳಗಾವಿ ಮಹಾನಗರ ಪಾಲಿಕೆಯಾಗಿ ಬೆಳೆದು, ಊರ ಹೊರಗಿದ್ದ ನಮ್ಮ ಅನಗೋಳವೂ ಅದರ ಹೊಟ್ಟೆಯೊಳಗೆ ಬಂತು.

1994ರ ಸಪ್ಟೆಂಬರದಲ್ಲಿ ಸೂರತ್ತಿನಲ್ಲಿ ಪ್ಲೇಗು ಎಂದು ಸುದ್ದಿಯಾದಾಗ ನಾವು ಶಾಲೆಗೆ ಹೋಗುವ ಹುಡುಗರು. ಮುಂದಿನ ವರ್ಷ ಅಲ್ಲಿಯ ಆಯುಕ್ತರಾಗಿ ಬಂದ ಎಸ್. ಆರ್. ರಾವ್ ಅವರು ಕಸ ಎತ್ತುವ ವ್ಯವಸ್ಥೆ ಸರಿಪಡಿಸಿ, ಅಧಿಕಾರಿಗಳನ್ನು ಬೆಳಗಿನಲ್ಲೇ ಓಣಿಗಿಳಿಸಿ, ಹೊಲಸು ಮಾಡಿದವರಿಗೆ ದಂಡ ಹಾಕಿ, ದೇಶದ ಅತಿ ಹೊಲಸು ಊರೆಂದು ಹೆಸರಾದದ್ದನ್ನು ಸ್ವಚ್ಛ ಊರುಗಳ ಸಾಲಿಗೆ ತಂದರು. ಬೇನೆ ಬರುವ ಮುಂಚೆ ಗಟಾರಕ್ಕೆ ಹಾಕುವ ರೂಪಾಯಿ, ಬೇನೆ ಬಂದ ಮೇಲೆ ದವಾಖಾನೆಗೆ ಹಾಕುವ ಹತ್ತು ರೂಪಾಯಿ ಉಳಿಸುತ್ತದೆ ಎಂಬುದು ಅಲ್ಲಿಯ ಪಾಠ.

2020

ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಘೋಷಣೆಯಾಯಿತು. ನಮ್ಮ ಕಡೆಯ ಹೊಲಗಳಲ್ಲಿ ಕೋಬಿ, ಹಸಿಮೆಣಸಿನಕಾಯಿ, ಟೊಮೆಟೊ ನಿಂತಿದ್ದವು. ದಿನಾಲೂ ಗೋವಾಕ್ಕೆ ಹೋಗುವ ಕಾಯಿಪಲ್ಯೆಯ ಗಾಡಿಗಳು ನಿಂತವು. ಎಷ್ಟೋ ರೈತರು ಕೋಬಿಯ ಹೊಲಕ್ಕೆ ದನ ಬಿಟ್ಟರು, ಕೆಲವರು ಟ್ರ್ಯಾಕ್ಟರ್ ಹೊಡೆದರು. ಅತ್ತ ವಡಗಾವಿ, ಶಹಾಪುರ, ಖಾಸಬಾಗಗಳಲ್ಲಿ ಮಗ್ಗದ ಸಪ್ಪಳ ನಿಂತಿತು. ಹಿಂದಿನ ವರ್ಷ, 2019ರ ಆಗಸ್ಟದ ಮಹಾಪೂರದಲ್ಲಿ ಬಳ್ಳಾರಿ ನಾಲಾ ಉಕ್ಕಿ ಭತ್ತ ಕೊಳೆತದ್ದೂ ಇನ್ನೂ ಹಸಿಯಾಗಿತ್ತು.

ರೈತನ ಕೈ, ನೇಕಾರನ ಕೈ ಬರಿದಾದರೆ ಪಾಲಿಕೆಯ ಕೈಯೂ ಬರಿದಾಗುತ್ತದೆ. ಮನೆಪಟ್ಟಿಗೆ ಏಪ್ರಿಲ್ ತಿಂಗಳೇ ಸುಗ್ಗಿ. ಆ ತಿಂಗಳಲ್ಲಿ ತುಂಬಿದವರಿಗೆ ನೂರಕ್ಕೆ ಐದು ರೂಪಾಯಿ ಸೂಟ್ ಇರುತ್ತದೆ. 2020ರ ಏಪ್ರಿಲ್ ಇಡೀ ತಿಂಗಳು ಮನೆಯಿಂದ ಹೊರಗೆ ಬರುವಂತಿಲ್ಲ. ಸೂಟಿನ ಅವಧಿಯನ್ನು ಮುಂದೆ ಹಾಕಿದರು, ಆದರೆ ಅವಧಿ ಮುಂದೆ ಹೋದಂತೆ ರೊಕ್ಕ ಬರುವುದೂ ಮುಂದೆ ಹೋಯಿತು. ಅಂಗಡಿ ಮುಚ್ಚಿದ್ದರಿಂದ ಬಾಡಿಗೆ ಇಲ್ಲ, ಕಟ್ಟಡ ಕೆಲಸ ನಿಂತದ್ದರಿಂದ ಪರವಾನಿಗೆ ಫೀ ಇಲ್ಲ. 1897ರ ಜಕಾತಿ ನಾಕಾದ ಚಿತ್ರವೇ ಮತ್ತೆ ಕಂಡಿತು.

ಖರ್ಚು ನಿಲ್ಲಲಿಲ್ಲ. ಪೌರಕಾರ್ಮಿಕರು ಒಂದು ದಿನವೂ ಮನೆಯಲ್ಲಿ ಕೂಡಲಿಲ್ಲ. ಅವರಿಗೆ ಕೈಗವಸು, ಮಾಸ್ಕು, ಗಾಡಿಗೆ ಡಿಸೇಲ್, ರೋಗ ಬಂದ ಓಣಿಗೆ ತಟ್ಟಿ ಕಟ್ಟುವುದು, ಅಲ್ಲಿಯ ಕಸವನ್ನು ಬೇರೆಯಾಗಿ ಒಯ್ಯುವುದು, ಹೆಣದ ಸಂಸ್ಕಾರ, ಎಲ್ಲವೂ ಸ್ಥಳೀಯ ಆಡಳಿತದ ಪಾಲಿಗೆ ಬಂದ ಕೆಲಸ.

ದೊಡ್ಡ ಹಣ ಮೇಲಿನಿಂದ ಬಂತು. ರಾಜ್ಯ ವಿಪತ್ತು ನಿಧಿಯ ವಾರ್ಷಿಕ ಹಂಚಿಕೆಯಲ್ಲಿ ನೂರಕ್ಕೆ 35ರ ತನಕ, ಸಪ್ಟೆಂಬರದಿಂದ 50ರ ತನಕ ಕೊರೋನಾಕ್ಕೆ ಬಳಸಲು ಕೇಂದ್ರ ಒಪ್ಪಿತು. 15ನೇ ಹಣಕಾಸು ಆಯೋಗ 2020-21ಕ್ಕೆ ದೇಶದ ಸ್ಥಳೀಯ ಸಂಸ್ಥೆಗಳಿಗೆ 90,000 ಕೋಟಿ ರೂಪಾಯಿ ಹೇಳಿತ್ತು. ಪಂಚಾಯಿತಿಗಳಿಗೆ 60,750 ಕೋಟಿ, ನಗರಗಳಿಗೆ 29,250 ಕೋಟಿ. ಆದರೆ ಪಂಚಾಯಿತಿಯ ಹಣದಲ್ಲಿ ಅರ್ಧ ಕುಡಿಯುವ ನೀರು, ಸ್ವಚ್ಛತೆಗೇ ಎಂದು ಕಟ್ಟಿಹಾಕಿದ್ದು. ಎರಡನೇ ಅಲೆಯಲ್ಲಿ, 2021ರ ಮೇ ತಿಂಗಳಲ್ಲಿ, 25 ರಾಜ್ಯಗಳ ಪಂಚಾಯಿತಿಗಳಿಗೆ 8,923.8 ಕೋಟಿ ರೂಪಾಯಿ ಮುಂಗಡವಾಗಿ ಬಿಟ್ಟರು. ಇನ್ನೊಂದು ಕಡೆ ಸಂಸದರ ಪ್ರದೇಶಾಭಿವೃದ್ಧಿ ನಿಧಿಯನ್ನು 2020ರ ಏಪ್ರಿಲದಲ್ಲಿ ನಿಲ್ಲಿಸಿದ್ದರಿಂದ ಸಣ್ಣಪುಟ್ಟ ಊರ ಕೆಲಸಗಳು ಹಾಗೇ ನಿಂತವು. ನಮ್ಮ ಸಂಸದರೂ ಕೇಂದ್ರ ಮಂತ್ರಿಗಳೂ ಆಗಿದ್ದ ಸುರೇಶ ಅಂಗಡಿಯವರನ್ನೇ 2020ರ ಸಪ್ಟೆಂಬರ್ 23ರಂದು ಈ ಬೇನೆ ಒಯ್ದಿತು.

ಖಾನಾಪುರದ ಕಡೆಯ ಹಳ್ಳಿಗಳಿಗೆ ಬೇರೆ ಚಿಂತೆ ಇತ್ತು. ಗೋವಾ, ಪುಣೆ, ಮುಂಬಯಿಯ ದುಡಿಮೆ ಬಿಟ್ಟು ಮಕ್ಕಳು ಊರಿಗೆ ಬಂದರು. ಶಾಲೆಯಲ್ಲಿ ಅವರನ್ನು ಇಟ್ಟುಕೊಳ್ಳಬೇಕು, ಊಟ ನೋಡಬೇಕು, ನಂತರ ಕೈಗೆ ಕೆಲಸ ಕೊಡಬೇಕು. ಅಲ್ಲಿ ಪಂಚಾಯಿತಿಯ ಕೈ ಹಿಡಿದದ್ದು ಉದ್ಯೋಗ ಖಾತ್ರಿ. ಕರ್ನಾಟಕದಲ್ಲಿ ದಿನಗೂಲಿ 2020ರ ಏಪ್ರಿಲದಿಂದ 249ರಿಂದ 275 ರೂಪಾಯಿ ಆಯಿತು. ಮೇ ತಿಂಗಳಲ್ಲಿ ಕೇಂದ್ರ ಈ ಯೋಜನೆಗೆ 40,000 ಕೋಟಿ ಹೆಚ್ಚಿಗೆ ಕೊಟ್ಟಿತು. ಕೆರೆ ಹೂಳು, ಬದು, ಕೃಷಿಹೊಂಡ ಎಂದು ಪೇಟೆಯಲ್ಲಿ ದುಡಿದ ಹುಡುಗರೂ ಸಲಿಕೆ ಹಿಡಿದರು. ಪಂಚಾಯಿತಿಯ ಮನೆಪಟ್ಟಿಯಲ್ಲಿ ಇಷ್ಟು ಜನರಿಗೆ ಕೂಲಿ ಕೊಡುವುದು ಕನಸಿನಲ್ಲೂ ಸಾಧ್ಯವಿರಲಿಲ್ಲ.

ಮೇಲಿನಿಂದ ಹಣ ಬಂದರೂ ಅದನ್ನು ಎಲ್ಲಿ ಹಾಕಬೇಕೆಂದು ಹೇಳುವ ಊರಿನ ಬಾಯಿಗಳು ಆ ವರ್ಷ ಇರಲಿಲ್ಲ. ಬೆಳಗಾವಿ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2019ರಲ್ಲೇ ಮುಗಿದಿತ್ತು. 58 ವಾರ್ಡುಗಳಿಗೆ ಚುನಾವಣೆ ಆದದ್ದು 2021ರ ಸಪ್ಟೆಂಬರ್ 3ರಂದು, ಮಹಾಪೌರರು ಕುರ್ಚಿಯಲ್ಲಿ ಕೂತದ್ದು 2023ರಲ್ಲಿ. ಗ್ರಾಮ ಪಂಚಾಯಿತಿಗಳ ಅವಧಿಯೂ 2020ರ ಮಧ್ಯದಲ್ಲಿ ಮುಗಿದು, ಡಿಸೆಂಬರದ ಚುನಾವಣೆಯ ತನಕ ಆಡಳಿತಾಧಿಕಾರಿಗಳ ಕೈಯಲ್ಲಿದ್ದವು. ಅಧಿಕಾರಿಗಳು ದುಡಿದರು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಯಾವ ಓಣಿಯಲ್ಲಿ ಒಲೆ ಹತ್ತಿಲ್ಲ ಎಂಬುದು ಆ ಓಣಿಯ ಸದಸ್ಯನಿಗೆ ಗೊತ್ತಿರುವಷ್ಟು ಮೇಜಿಗೆ ಗೊತ್ತಿರುವುದಿಲ್ಲ.

ನಮ್ಮ ಸಂಘದ ತಪ್ಪೂ ಒಪ್ಪೂ

ಈಗ ನಮ್ಮ ಮನೆಯ ಮಾತಿಗೆ ಬರೋಣ. ಬೆಳ್ಳಿ ಹಬ್ಬದ ಪುಸ್ತಕದಲ್ಲಿ ಬರೀ ಒಪ್ಪಗಳನ್ನೇ ಬರೆದರೆ ಮೊಮ್ಮಕ್ಕಳಿಗೆ ಉಪಯೋಗವಿಲ್ಲ.

ಲಾಕ್‌ಡೌನಿನ ಮೊದಲ ವಾರದಲ್ಲೇ ಪಿಗ್ಮಿ ನಿಂತಿತು. ಪಿಗ್ಮಿ ಹುಡುಗರಿಗೆ ಕಮಿಷನ್ ಮೇಲೆಯೇ ಸಂಸಾರ. ಎರಡನೇ ವಾರದಿಂದ ಸಭಾಸದರು ತಮ್ಮ ಪಿಗ್ಮಿ ಹಣ ಕೇಳಲು ಬಂದರು. ಸಾಲದ ವಸೂಲಿ ಇಲ್ಲ, ಠೇವು ವಾಪಸು ಕೊಡುವುದು ಮಾತ್ರ ಉಂಟು. ಆಡಳಿತ ಮಂಡಳಿಯಲ್ಲಿ ಎರಡು ಅಭಿಪ್ರಾಯ ಆಯಿತು. "ಎಲ್ಲಾರಿಗೂ ಕೊಟ್ಟರ ಸಂಘ ಮುಳಗತೈತಿ, ತಡೀರಿ" ಎಂದರು ಕೆಲವರು. ನಾವೂ ಆ ಪಕ್ಷದಲ್ಲೇ ಇದ್ದೆವು, ಸುಳ್ಳು ಏಕೆ ಹೇಳಬೇಕು. ಆಗ ಹಿರಿಯ ಸಂಚಾಲಕರೊಬ್ಬರು ಒಂದೇ ಮಾತು ಹೇಳಿದರು: "ಮಳಿಗಾಲಕ್ಕ ಅಂತ ಕೊಡಿ ಇಟ್ಟು, ಮಳಿ ಬಂದಾಗ ತೊಯ್ತದ ಅಂತ ಬಿಚ್ಚಲಿಲ್ಲ ಅಂದ್ರ ಹೆಂಗ?" ಸಭೆ ಸುಮ್ಮನಾಯಿತು. ಕೇಳಿದವರಿಗೆಲ್ಲ ಹಂತಹಂತವಾಗಿ ಪಿಗ್ಮಿ ಹಣ ಕೊಟ್ಟೆವು. ವರ್ಷವರ್ಷ ಲಾಭದಲ್ಲಿ ನೂರಕ್ಕೆ ಇಪ್ಪತ್ತೈದು ಕಾಯ್ದಿಟ್ಟ ನಿಧಿಗೆ ತೆಗೆಯಬೇಕೆಂದು ಕಾಯ್ದೆ ಹೇಳುವಾಗ, ಡಿವಿಡೆಂಡ್ ಕಡಿಮೆಯಾಯಿತೆಂದು ನಾವೇ ಎಷ್ಟೋ ಸಲ ಸಭೆಯಲ್ಲಿ ಗೊಣಗಿದ್ದೆವು. ಆ ನಿಧಿ ಬೆನ್ನಿಗಿದೆ ಎಂಬ ಧೈರ್ಯದಲ್ಲೇ ಅಂದು ಗಲ್ಲಾ ತೆರೆದೆವು. ಸಂಘ ಮುಳುಗಲಿಲ್ಲ. ಒಯ್ದವರೇ ಮುಂದಿನ ವರ್ಷ ತಿರುಗಿ ತಂದಿಟ್ಟರು.

ತಪ್ಪು ಮಾಡಿದ್ದು ಇನ್ನೊಂದರಲ್ಲಿ. ಧರ್ಮಾರ್ಥ ನಿಧಿಯ ಹಣದಲ್ಲಿ ಔಷಧ ತಂದು, ಹೊಲಕ್ಕೆ ಹೊಡೆಯುವ ಪಂಪಿನಿಂದ ಓಣಿಓಣಿಗೆ ಹೊಡೆಸಿದೆವು. ಫೋಟೋ ಚೆನ್ನಾಗಿ ಬಂತು. ರಸ್ತೆಗೆ ಔಷಧ ಹೊಡೆಯುವುದರಿಂದ ಪ್ರಯೋಜನವಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮೇ ತಿಂಗಳಲ್ಲಿ ಹೇಳಿತು. ಅಷ್ಟೊತ್ತಿಗೆ ನಮ್ಮ ನಿಧಿ ಗಟಾರಕ್ಕೆ ಹರಿದಿತ್ತು. ಅದೇ ವಾರ ನಮ್ಮ ಓಣಿಯ ಕಸ ಒಯ್ಯುವ ತಾಯಿಯೊಬ್ಬಳು, "ಅಣ್ಣಾ, ಔಷಧ ಹೊಡ್ಯಾಕ ರೊಕ್ಕ ಐತಿ, ನಮಗ ಒಂದ ಜೋಡಿ ಕೈಚೀಲ ಕೊಡಾಕ ಇಲ್ಲೇನು?" ಎಂದು ಕೇಳಿದಳು. ಕೈಚೀಲ ಅಂದರೆ ಕೈಗವಸು. ಅಂದು ನಾವು ಉತ್ತರ ಕೊಡಲಾರದೆ ನಿಂತೆವು. 1897ರ ಕಾರ್ಬೋಲಿಕ್ ಡಬ್ಬಿಯ ಕಥೆ ಓದುವಾಗ ಆಕೆಯ ಮುಖವೇ ಕಣ್ಮುಂದೆ ಬರುತ್ತದೆ. ಆಮೇಲೆ ಉಳಿದ ಹಣದಲ್ಲಿ ಕಿರಾಣಿ ಕಿಟ್ಟು, ಕೈಗವಸು ಕೊಟ್ಟೆವು, ಆದರೆ ಮೊದಲು ಕೊಡಬೇಕಿತ್ತು. ರಾಜ್ಯದ ಸಹಕಾರ ಸಂಸ್ಥೆಗಳು ಅದೇ ವರ್ಷ ಆಶಾ ಕಾರ್ಯಕರ್ತೆಯರಿಗೆ ತಲಾ 3,000 ರೂಪಾಯಿ ಕೊಟ್ಟಾಗ, ಸರಿಯಾದ ಕೈಗೆ ಹಣ ಮುಟ್ಟುವುದೆಂದರೆ ಹೀಗೆ ಎಂದು ತಿಳಿದೆವು.

2021ರ ಮೇ ಇನ್ನೂ ಕಠಿಣ. ಬೆಳಿಗ್ಗೆ ಆರರಿಂದ ಹತ್ತರ ತನಕ ಮಾತ್ರ ಸಂತೆ. ಆ ತಿಂಗಳು ನಮ್ಮ ಸಭಾಸದರೊಬ್ಬರು ತೀರಿಕೊಂಡರು. ಹೆಸರು ಬೇಡ, ಊರಿಗೆಲ್ಲ ಗೊತ್ತು. ದವಾಖಾನೆಯ ಖರ್ಚಿಗೆ ಎಮ್ಮೆ ಮಾರಿದ್ದರು, ಸಂಘದಲ್ಲಿ ಸಾಲ ಉಳಿದಿತ್ತು. ಜಾಮೀನುದಾರರಿಗೆ ನೋಟೀಸು ಕಳಿಸುವುದೋ ಬೇಡವೋ ಎಂದು ಸಭೆ ಕೂಡಿತು. ನಿಯಮದಂತೆ ಕಳಿಸಬೇಕು. ನಾವು ಕಳಿಸಲಿಲ್ಲ. ಕಂತು ಸಣ್ಣದು ಮಾಡಿ ಅವಧಿ ಹೆಚ್ಚಿಸಿ ಕೊಟ್ಟೆವು. ಆ ಮನೆಯ ತಾಯಿ ಹಾಲು ಮಾರಿ ಒಂದು ಕಂತೂ ತಪ್ಪಿಸದೆ ಸಾಲ ತೀರಿಸಿದರು. ಅವರು ಕೊನೆಯ ಪಾವತಿ ತೆಗೆದುಕೊಂಡು ಹೋದ ದಿನ ಕಾರ್ಯದರ್ಶಿಗಳು ಎದ್ದು ನಿಂತು ಕೈ ಮುಗಿದರು. ಇಪ್ಪತ್ತೈದು ವರ್ಷದಲ್ಲಿ ಈ ಸಂಘದ ದೊಡ್ಡ ಲಾಭ ಯಾವುದು ಎಂದು ಯಾರಾದರೂ ಕೇಳಿದರೆ ನಾವು ಅದನ್ನೇ ಹೇಳುತ್ತೇವೆ.

ಕಡೆಯ ಮಾತು

ಬೇನೆಯ ಹಣ ಆಕಾಶದಿಂದ ಬೀಳುವುದಿಲ್ಲ. ಪ್ಲೇಗಿನ ಸಾಲ ಮುನಸಿಪಾಲಿಟಿಯ ಕಂತಾಗಿ ಜನರ ಮೇಲೆ ಬಂತು. ಕೊರೋನಾದ ವರ್ಷದಲ್ಲೇ ಸರಕಾರ ಕಾಯ್ದೆ ತಿದ್ದಿ, 2021ರಿಂದ ಮನೆಪಟ್ಟಿಯನ್ನು ಜಾಗದ ಮಾರ್ಗಸೂಚಿ ಬೆಲೆಗೆ ಗಂಟು ಹಾಕಿತು. ಹೆಚ್ಚು ಸಾಲ ಎತ್ತಲು ರಾಜ್ಯಗಳಿಗೆ ಕೇಂದ್ರ ಹಾಕಿದ ಷರತ್ತುಗಳಲ್ಲಿ ಪಟ್ಟಿಯ ಸುಧಾರಣೆಯೂ ಒಂದಾಗಿತ್ತು. ಪಟ್ಟಿ ಏಕೆ ಏರುತ್ತದೆ ಎಂದು ಕೇಳುವ ಹಕ್ಕು ನಮಗಿದೆ. ಆದರೆ ಸಮಯಕ್ಕೆ ಸರಿಯಾಗಿ ಪಟ್ಟಿ ತುಂಬಿದವನಿಗೆ ಮಾತ್ರ ಆ ಪ್ರಶ್ನೆ ಎದೆ ತಟ್ಟಿ ಕೇಳಲು ಬರುತ್ತದೆ. ಏಪ್ರಿಲದಲ್ಲಿ ಮನೆಪಟ್ಟಿ ತುಂಬಿರಿ, ನಿಮ್ಮ ವಾರ್ಡಿನ ಸದಸ್ಯರನ್ನು ವರ್ಷಕ್ಕೊಮ್ಮೆಯಾದರೂ ಲೆಕ್ಕ ಕೇಳಿರಿ.

ಎರಡನೆಯದಾಗಿ, ಈ ಬೆಳ್ಳಿ ಹಬ್ಬದ ವರ್ಷದ ಸರ್ವಸಾಧಾರಣ ಸಭೆಯ ಮುಂದೆ ನಾವು ಒಂದು ಠರಾವು ಇಡುವವರಿದ್ದೇವೆ. ಕಾಯ್ದಿಟ್ಟ ನಿಧಿಯ ಹೊರತಾಗಿ, ಪ್ರತಿ ವರ್ಷ ಲಾಭದ ಒಂದು ಪಾಲನ್ನು "ಆಪತ್ತಿನ ನಿಧಿ" ಎಂದು ಬೇರೆ ಇಡಬೇಕು. ಬೇನೆ, ಮಹಾಪೂರ ಬಂದಾಗ ಅದನ್ನು ಯಾವುದಕ್ಕೆ ಖರ್ಚು ಮಾಡಬೇಕೆಂದು ಈಗಲೇ, ತಲೆ ತಣ್ಣಗಿದ್ದಾಗಲೇ ಬರೆದಿಡಬೇಕು. ಮೊದಲು ಓಣಿ ಸ್ವಚ್ಛ ಮಾಡುವವರ ಕೈಗೆ ಸಾಮಾನು, ನಂತರ ದುಡಿಮೆ ನಿಂತವರಿಗೆ ರೇಶನ್ನು, ನಂತರ ಪಿಗ್ಮಿ ಹುಡುಗರಿಗೆ ಅರ್ಧ ಕಮಿಷನ್. ಫೋಟೋಕ್ಕೆ ಒಂದು ಪೈಸೆಯೂ ಇಲ್ಲ. ಡಿವಿಡೆಂಡ್ ಸ್ವಲ್ಪ ಕಡಿಮೆಯಾದೀತು. ಸಭೆಯಲ್ಲಿ ಗೊಣಗುವವರಿಗೆ, ಹಿಂದೆ ಗೊಣಗಿದವರಾದ ನಾವೇ ಉತ್ತರ ಕೊಡುತ್ತೇವೆ.

ಪ್ಲೇಗಿನಲ್ಲಿ ಹೊಲದ ಗುಡಿಸಲಿಗೆ ಹೋದ ಹಿರಿಯರು ಹೋಗುವಾಗ ಬೀಜದ ಚೀಲ ಬಿಟ್ಟು ಹೋಗಲಿಲ್ಲ. ಬೇನೆ ಇಳಿಯುತ್ತದೆ, ಮಳೆ ಬರುತ್ತದೆ, ಬಿತ್ತಬೇಕು ಎಂಬ ನಂಬಿಕೆಯಿಂದ ಬೀಜವನ್ನು ಜೊತೆಗೇ ಒಯ್ದರು. ನಮ್ಮ ಸಂಘವೂ ಊರಿನ ಅಂಥ ಬೀಜದ ಚೀಲವಾಗಿ ಉಳಿಯಲಿ. ಸುವರ್ಣ ಮಹೋತ್ಸವದ ಸಂಚಿಕೆಯನ್ನು ನಮ್ಮ ಮಕ್ಕಳು ಬರೆಯುವಾಗ ಆ ಚೀಲ ತುಂಬಿರಲಿ ಎಂದು ಹಾರೈಸುತ್ತೇವೆ.

ಜೈ ಸಹಕಾರ.